ವಸ್ತುವಾಗಿ ವಿಳಾಸ, ಬರಹವಾಗಿ ವಿಳಾಸ

ಕೋಲಾರಕ್ಕೆ 08152, ಮಾಲೂರಿಗೆ 08151, ಶ್ರೀನಿವಾಸಪುರಕ್ಕೆ 08157, ಮುಳಬಾಗಿಲಿಗೆ 08159. ಎಸ್‌ಟಿಡಿ ಬೂತುಗಳ ಕಾಲದವರಿಗೆ ಇವು ಇನ್ನೂ ಬಾಯಿಪಾಠ. ಮೊದಲಿನ ಸೊನ್ನೆ ಊರಿನ ಸಂಕೇತಕ್ಕೆ ಸೇರಿದ್ದಲ್ಲ. ಕರೆ ಹೊರ ಊರಿಗೆ ಹೋಗಬೇಕೆಂದು ಎಕ್ಸ್‌ಚೇಂಜಿಗೆ ಕೊಡುವ ಸೂಚನೆ ಅದು. ಹೊರದೇಶದಿಂದ ಕೋಲಾರಕ್ಕೆ ಫೋನ್ ಮಾಡುವವರು ಸೊನ್ನೆ ಬಿಟ್ಟು +91 8152 ಎಂದು ಒತ್ತುತ್ತಾರೆ. ಇದನ್ನು ಪ್ರೋಗ್ರಾಮಿನಲ್ಲಿ ಹೇಗಿಡುವುದು? ಪೂರ್ಣಾಂಕವಾಗಿ ಇಟ್ಟರೆ ಸೊನ್ನೆ ಉದುರಿಹೋಗುತ್ತದೆ. ಜಾವಾ ಕೋಡಿನಲ್ಲಿ 08152 ಎಂದು ನೇರವಾಗಿ ಬರೆದರೆ ಕಂಪೈಲರ್ ಒಪ್ಪುವುದೇ ಇಲ್ಲ: ಸೊನ್ನೆಯಿಂದ ಶುರುವಾದರೆ ಅದು ಅಷ್ಟಮಾನ ಸಂಖ್ಯೆ, ಅಲ್ಲಿ 8 ಎಂಬ ಅಂಕಿಗೆ ಜಾಗವಿಲ್ಲ. ಸ್ಟ್ರಿಂಗ್ ಆಗಿ ಇಟ್ಟರೆ ಸೊನ್ನೆ ಉಳಿಯುತ್ತದೆ, ಆದರೆ 08152 ಮತ್ತು +918152 ಒಂದೇ ಊರಿನವು ಎಂಬುದು ಯಂತ್ರಕ್ಕೆ ತಿಳಿಯದು.

ಗಣಕಜಾಲದಲ್ಲೂ ಇದೇ ತೊಡಕು ನಾಲ್ಕು ದಶಕಗಳಿಂದ ನಡೆದುಬಂದಿದೆ. ಜಾಲದ ತುದಿಯಲ್ಲಿರುವ ಯಂತ್ರ, ಆ ಯಂತ್ರದಲ್ಲಿ ಸಂಪರ್ಕಕ್ಕಾಗಿ ಕಾಯುವ ಪೋರ್ಟ್, ಈ ಜೋಡಿಗೆ ಎಂಡ್‌ಪಾಯಿಂಟ್ ಎಂದು ಹೆಸರು. ಯಂತ್ರಕ್ಕೆ ಅದು ಕೆಲವು ಬೈಟುಗಳು, ಅಷ್ಟೇ. ಲಾಗ್ ಕಡತ ಓದುವವರಿಗೆ, ಕಾನ್ಫಿಗರೇಷನ್ ಬರೆಯುವವರಿಗೆ, ಬ್ರೌಸರಿನಲ್ಲಿ ಹೆಸರು ಒತ್ತುವವರಿಗೆ ಮಾತ್ರ ಅದು ಬರಹವಾಗಿಯೇ ಕಾಣಬೇಕು. ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಗಳಲ್ಲಿ ವಿಳಾಸಕ್ಕೊಂದು ಕ್ಲಾಸ್, ಆ ಕ್ಲಾಸಿಗೆ ಬರಹ ಕೊಡುವ ಒಂದು ಮೆಥಡ್ ಇರುತ್ತದೆ. ಆ ಮೆಥಡ್ ಏನನ್ನು ಕೊಡಬೇಕು ಎಂಬುದು ಮೇಲ್ನೋಟಕ್ಕೆ ಅಲಂಕಾರದ ಪ್ರಶ್ನೆ. ನನಗೆ ಹಾಗೆ ಕಾಣುವುದಿಲ್ಲ. ಎರಡು ವಿಳಾಸಗಳು ಯಾವಾಗ ಒಂದೇ ಎಂಬ ಪ್ರಶ್ನೆಯೇ ವೇಷ ಬದಲಿಸಿ ಇಲ್ಲಿ ಕೂತಿದೆ. ಕನ್ನಡ ತೆಲುಗು ಎರಡನ್ನೂ ಓದುವ ಕೋಲಾರದಂಥ ಗಡಿಸೀಮೆಯಲ್ಲಿ ನಿಂತು ನೋಡಿದರೆ ಆ ವೇಷ ಬೇಗ ಕಳಚುತ್ತದೆ.

ಚುಕ್ಕಿ ಬಂದ ಕತೆ

1983ರಲ್ಲಿ ಬಂದ 4.2ಬಿಎಸ್‌ಡಿ ಯುನಿಕ್ಸ್ ಇಂದಿನ ಸಾಕೆಟ್ ಪದ್ಧತಿಯ ತವರು. ಸಿ ಭಾಷೆಯಲ್ಲಿ ಕ್ಲಾಸುಗಳಿಲ್ಲ. ಆದರೂ ಅಲ್ಲಿನ ವಿಳಾಸದ ರಚನೆಯಲ್ಲಿ ಕುಟುಂಬ ಎಂಬ ಒಂದು ಗುರುತು ಇತ್ತು. ಈ ವಿಳಾಸ ಯಾವ ಜಾತಿಯ ಜಾಲದ್ದು ಎಂದು ಅದು ಹೇಳುತ್ತಿತ್ತು, ಅದನ್ನು ನೋಡಿ ಉಳಿದ ಬೈಟುಗಳನ್ನು ಓದಬೇಕಿತ್ತು. ಮುಂದೆ ಜಾವಾ ಮತ್ತು ಡಾಟ್‌ನೆಟ್‌ಗಳಲ್ಲಿ ಬಂದ ಅಮೂರ್ತ ಮೂಲಕ್ಲಾಸುಗಳ ಬೀಜ ಇದೇ.

ನಾಲ್ಕು ಬೈಟುಗಳನ್ನು 127.0.0.1 ಎಂದು ಚುಕ್ಕಿ ಹಾಕಿ ಬರೆಯುವ ರೂಢಿಯೂ ಆ ಕಾಲದಲ್ಲೇ ಗಟ್ಟಿಯಾಯಿತು. ಅದನ್ನು ಓದುವ ಬಿಎಸ್‌ಡಿ ಫಂಕ್ಷನ್ ಮಾತ್ರ ತುಂಬಾ ಉದಾರಿ. 127.1 ಎಂದು ಬರೆದರೂ 127.0.0.1 ಎಂದೇ ತೆಗೆದುಕೊಳ್ಳುತ್ತಿತ್ತು. 010.0.0.1 ಎಂದರೆ ಮೊದಲ ಭಾಗವನ್ನು ಅಷ್ಟಮಾನವಾಗಿ ಓದಿ 8.0.0.1 ಎನ್ನುತ್ತಿತ್ತು. ಈ ಔದಾರ್ಯದ ಬಡ್ಡಿ 2021ರವರೆಗೂ ಬೆಳೆಯಿತು. ಆ ವರ್ಷ ಪೈಥಾನ್‌ನ ಐಪಿ ವಿಳಾಸದ ಮಾಡ್ಯೂಲ್ ಮುಂದಿನ ಸೊನ್ನೆಯನ್ನು ಸುಮ್ಮನೆ ಉಪೇಕ್ಷಿಸಿ ದಶಮಾನವಾಗಿ ಓದುತ್ತಿರುವುದು ಭದ್ರತಾ ದೋಷವೆಂದು ದಾಖಲಾಯಿತು. ತಪಾಸಣೆ ಮಾಡುವ ಪ್ರೋಗ್ರಾಮಿಗೆ 010.0.0.1 ಎಂದರೆ 10.0.0.1, ಸಂಪರ್ಕ ಮಾಡುವ ವ್ಯವಸ್ಥೆಗೆ 8.0.0.1. ಒಳಗಿನ ಜಾಲದ ವಿಳಾಸವೆಂದು ಕಾವಲುಗಾರ ಬಿಟ್ಟುಕೊಟ್ಟದ್ದು ಹೊರಗಿನ ಯಂತ್ರಕ್ಕೆ ಹೋಗಿ ಮುಟ್ಟಬಹುದು. ಪೈಥಾನ್ 3.9.5ರಲ್ಲಿ ಇದನ್ನು ತಿದ್ದಿದರು. ಅದೇ ವರ್ಷದ ಗೋ 1.17 ಮುಂದೆ ಸೊನ್ನೆಯಿರುವ ವಿಳಾಸವನ್ನು ಓದಲು ನಿರಾಕರಿಸಿತು.

ಆರನೆಯ ಆವೃತ್ತಿಯ ಐಪಿ ಬಂದಾಗ ಗೊಂದಲ ಹೆಚ್ಚಾಯಿತು. ಎಂಟು ಭಾಗಗಳು, ನಡುವೆ ವಿವರಣಚಿಹ್ನೆ (:), ಸೊನ್ನೆಗಳ ಸಾಲಿಗೆ ಬದಲಾಗಿ ಜೋಡಿ ವಿವರಣಚಿಹ್ನೆ. ಪೋರ್ಟನ್ನು ಬೇರ್ಪಡಿಸಲೂ ವಿವರಣಚಿಹ್ನೆಯನ್ನೇ ಬಳಸುತ್ತಿದ್ದುದರಿಂದ 2001::1:80 ಎಂಬುದು ಎರಡರ್ಥದ ಮಾತಾಯಿತು: ವಿಳಾಸವೇ 80ರಲ್ಲಿ ಮುಗಿಯುತ್ತದೆಯೋ, ಇಲ್ಲ 2001::1 ಎಂಬ ಯಂತ್ರದ 80ನೇ ಪೋರ್ಟೋ? 1999ರ ಆರ್‌ಎಫ್‌ಸಿ 2732 ಎಂಬ ಜಾಲನಿಯಮದ ದಾಖಲೆ ಚೌಕಕಂಸ ಹಾಕಿ [2001::1]:80 ಎಂದು ಬರೆಯಲು ಹೇಳಿತು. ಅಲ್ಲಿಗೆ ಹೊಸ ಬರಹಕ್ಕೆ ವ್ಯಾಕರಣವೇನೋ ಸಿಕ್ಕಿತು, ಹಳೆಯ ಕೋಡಿಗೆ ಅದು ತಲುಪಲು ವರ್ಷಗಳೇ ಬೇಕಾದವು.

ಬರಹವೇ ಸಾಕು ಎನ್ನುವವರು

ಮೊದಲ ಪಂಥದ ವಾದ ಸರಳ: ವಿಳಾಸವನ್ನು ಸ್ಟ್ರಿಂಗ್ ಆಗಿಯೇ ಹಿಡಿದುಕೊಳ್ಳಿ, ಬಿಡಿಸುವ ಕೆಲಸ ಸಂಪರ್ಕ ಮಾಡುವ ಹೊತ್ತಿಗೆ ನಡೆಯಲಿ. ಬೆಲ್ ಲ್ಯಾಬ್ಸಿನ ಪ್ಲಾನ್ 9 ವ್ಯವಸ್ಥೆಯಲ್ಲಿ ಜಾಲ, ಯಂತ್ರ, ಸೇವೆ ಮೂರನ್ನೂ ಆಶ್ಚರ್ಯಸೂಚಕ ಚಿಹ್ನೆಯಿಂದ ಜೋಡಿಸಿ ಒಂದೇ ಸ್ಟ್ರಿಂಗ್ ಮಾಡಿ ಡಯಲ್ ಮಾಡುತ್ತಿದ್ದರು. ಅಲ್ಲಿ ಕೆಲಸ ಮಾಡಿದ ರಾಬ್ ಪೈಕ್, ಕೆನ್ ಥಾಂಪ್ಸನ್ ಮುಂದೆ ಗೋ ಭಾಷೆ ಕಟ್ಟಿದಾಗ ಈ ಗುಣ ಅಲ್ಲಿಗೂ ಬಂತು. ಗೋದಲ್ಲಿ ಡಯಲ್ ಫಂಕ್ಷನ್ನಿಗೆ ಕೊಡುವುದು ಎರಡು ಸ್ಟ್ರಿಂಗ್: ಜಾಲದ ಬಗೆ ಮತ್ತು ವಿಳಾಸ.

ಈ ಪಂಥದ ಬಲ ಅದು ಬಾಗುವ ಗುಣದಲ್ಲಿದೆ. ಹೊಸ ಬಗೆಯ ಜಾಲ ಬಂದರೂ ಮೆಥಡಿನ ಸಹಿ ಬದಲಾಗಬೇಕಿಲ್ಲ. ಕಾನ್ಫಿಗರೇಷನ್ ಕಡತದಲ್ಲಿ ಬರೆದದ್ದು ಹಾಗೆಯೇ ಒಳಗೆ ಹೋಗುತ್ತದೆ. ಒಬ್ಬೊಬ್ಬ ಪ್ರೋಗ್ರಾಮರೂ ತನಗೆ ತೋಚಿದಂತೆ ವಿವರಣಚಿಹ್ನೆ ಹುಡುಕಿ ಸ್ಟ್ರಿಂಗನ್ನು ಕತ್ತರಿಸತೊಡಗುವುದು ಇದರ ಕೆಡುಕು. ಮೊದಲ ಚಿಹ್ನೆಯಲ್ಲಿ ಕತ್ತರಿಸಿದ ಕೋಡು ನಾಲ್ಕನೆಯ ಆವೃತ್ತಿಯಲ್ಲಿ ಇಪ್ಪತ್ತು ವರ್ಷ ಸರಿಯಾಗಿ ಓಡಿ, ಆರನೆಯ ಆವೃತ್ತಿ ಬಂದ ದಿನ ಮುರಿಯುತ್ತದೆ. ಯಂತ್ರ ಮತ್ತು ಪೋರ್ಟನ್ನು ಕೂಡಿಸಲು, ಬಿಡಿಸಲು ಗೋ ಪ್ರತ್ಯೇಕ ಫಂಕ್ಷನ್‌ಗಳನ್ನು ಕೊಟ್ಟಿರುವುದು ಇದಕ್ಕಾಗಿಯೇ.

ವಿಳಾಸವೊಂದು ಮೌಲ್ಯ ಎನ್ನುವವರು

ಎರಡನೆಯ ಪಂಥಕ್ಕೆ ಬರಹ ಬಾಗಿಲಲ್ಲಿ ಬಿಡಬೇಕಾದ ಚಪ್ಪಲಿ. ಒಳಗೆ ಬಂದ ಕೂಡಲೇ ಸ್ಟ್ರಿಂಗನ್ನು ಓದಿ, ತಪ್ಪಿದ್ದರೆ ಅಲ್ಲೇ ತಿರಸ್ಕರಿಸಿ, ಬದಲಾಗದ ವಸ್ತುವಾಗಿ ಇಟ್ಟುಕೊಳ್ಳಬೇಕು. ಹೊರಗೆ ಹೋಗುವಾಗ ಮಾತ್ರ ಮತ್ತೆ ಬರೆಯಬೇಕು. 2012ರ ಪೈಥಾನ್ 3.3ರಲ್ಲಿ ಸೇರಿದ ಐಪಿ ವಿಳಾಸದ ಮಾಡ್ಯೂಲ್ ಈ ಪಂಥದ್ದು. ಗೋ ಕೂಡ 2022ರ 1.18ನೇ ಆವೃತ್ತಿಯಲ್ಲಿ ಹೋಲಿಸಬಹುದಾದ, ಬದಲಾಗದ ವಿಳಾಸ ಮತ್ತು ಪೋರ್ಟಿನ ಹೊಸ ಟೈಪ್‌ಗಳನ್ನು ತಂದಿತು. ಮೊದಲ ಪಂಥದ ಮನೆಯಲ್ಲೇ ಎರಡನೆಯದು ಬೇರೂರಿತು ಎನ್ನಬಹುದು.

ಮೌಲ್ಯಕ್ಕೆ ಒಂದೇ ಬರಹ ಬೇಕೆಂದರೆ ಒಪ್ಪಿತ ರೂಪವೊಂದು ಬೇಕು. ಆರನೆಯ ಆವೃತ್ತಿಯ ವಿಳಾಸ 2001:0:0:1:0:0:0:1 ಎಂಬುದನ್ನು 2001::1:0:0:0:1 ಎಂದೂ ಬರೆಯಬಹುದು, 2001:0:0:1::1 ಎಂದೂ ಬರೆಯಬಹುದು. 2010ರ ಆರ್‌ಎಫ್‌ಸಿ 5952 ಇದರಲ್ಲಿ ಕೊನೆಯದನ್ನೇ ಬರೆಯಿರಿ ಎಂದಿತು: ಅತಿ ಉದ್ದದ ಸೊನ್ನೆಸಾಲನ್ನು ಕುಗ್ಗಿಸಬೇಕು, ಹದಿನಾರುಮಾನದ ಅಕ್ಷರಗಳು ಚಿಕ್ಕವಾಗಿರಬೇಕು, ಮುಂದಿನ ಸೊನ್ನೆಗಳು ಇರಕೂಡದು. ಆದರೆ ಜಾವಾದ ವಿಳಾಸಕ್ಲಾಸ್ ಸೊನ್ನೆಗಳನ್ನು ಕುಗ್ಗಿಸುವುದೇ ಇಲ್ಲ; ಎಂಟೂ ಭಾಗಗಳನ್ನು ಬಿಡಿಸಿ ಬರೆಯುತ್ತದೆ. ನರಸಾಪುರದ ಕಾರ್ಖಾನೆಯೊಂದರಲ್ಲಿ ಒಂದು ಸರ್ವರ್ ಜಾವಾದಲ್ಲಿ, ಇನ್ನೊಂದು ಗೋದಲ್ಲಿ ಇದೆ ಎಂದುಕೊಳ್ಳಿ. ಒಂದೇ ಯಂತ್ರ ಎರಡು ಲಾಗ್‌ಗಳಲ್ಲಿ ಎರಡು ಬರಹವಾಗಿ ಬಿದ್ದಿರುತ್ತದೆ. ಪಠ್ಯಶೋಧದಲ್ಲಿ ಒಂದು ಸಿಕ್ಕರೆ ಇನ್ನೊಂದು ಸಿಗದು.

ಈ ಪಂಥದೊಳಗೂ ಒಮ್ಮತವಿಲ್ಲ. ನಾಲ್ಕನೆಯ ಆವೃತ್ತಿಯ ವಿಳಾಸವನ್ನು ಆರನೆಯದರೊಳಗೆ ಹುದುಗಿಸಿ ಬರೆಯುವ ಒಂದು ರೂಪವಿದೆ. ಜಾವಾ ಅದನ್ನು ಕಂಡ ಕೂಡಲೇ ನಾಲ್ಕನೆಯದೆಂದೇ ಪರಿವರ್ತಿಸಿಬಿಡುತ್ತದೆ. ಗೋದ ಹೊಸ ಟೈಪ್ ಅವೆರಡನ್ನೂ ಬೇರೆಬೇರೆ ಎನ್ನುತ್ತದೆ. ತಡೆಪಟ್ಟಿ ಬರೆಯುವವರಿಗೆ ಈ ಭೇದ ಪಾಂಡಿತ್ಯದ ವಿಷಯವಾಗಿ ಉಳಿಯುವುದಿಲ್ಲ.

ಟುಸ್ಟ್ರಿಂಗ್ ಯಾರಿಗಾಗಿ?

ಮೂರನೆಯ ವಾದ ಆಬ್ಜೆಕ್ಟ್ ಓರಿಯೆಂಟೆಡ್ ಜಗತ್ತಿನದ್ದೇ ಸ್ವಂತ. ಜಾವಾದ ಪ್ರತಿ ವಸ್ತುವಿಗೂ ಟುಸ್ಟ್ರಿಂಗ್ ಎಂಬ ಮೆಥಡ್ ಹುಟ್ಟಿನಿಂದಲೇ ಬರುತ್ತದೆ. ಅದು ಕೊಡುವ ಬರಹ ಮನುಷ್ಯನ ಕಣ್ಣಿಗೋ, ಮತ್ತೆ ಯಂತ್ರ ಓದಿ ವಸ್ತು ಕಟ್ಟುವುದಕ್ಕೋ? ಜೋಶುವಾ ಬ್ಲಾಕ್ 2001ರಲ್ಲಿ ಬರೆದ ‘ಎಫೆಕ್ಟಿವ್ ಜಾವಾ’ ಈ ಪ್ರಶ್ನೆ ಎತ್ತಿ, ಬರಹದ ರೂಪವನ್ನು ಖಚಿತಪಡಿಸಿದರೂ ಪಡಿಸದಿದ್ದರೂ ನಿಮ್ಮ ಉದ್ದೇಶವನ್ನು ದಾಖಲಿಸಿ ಎಂದು ಸಲಹೆ ಕೊಟ್ಟಿತು. ಖಚಿತಪಡಿಸಿದರೆ ಮುಂದೆ ಬದಲಿಸಲಾಗದು. ಪಡಿಸದಿದ್ದರೂ ಜನ ಅದನ್ನೇ ನೆಚ್ಚಿಕೊಂಡು ಕತ್ತರಿಸುತ್ತಾರೆ.

ಜಾವಾದ ವಿಳಾಸಕ್ಲಾಸ್ ಮೊದಲಿನಿಂದಲೂ ಹೆಸರು, ಓರೆಗೆರೆ, ಸಂಖ್ಯೆ ಎಂಬ ಕ್ರಮದಲ್ಲಿ ಬರೆಯುತ್ತದೆ. ಹೆಸರು ಗೊತ್ತಿಲ್ಲದಿದ್ದರೆ ಓರೆಗೆರೆ ಒಂಟಿಯಾಗಿ ಉಳಿದು /127.0.0.1:8080 ಎಂದು ಕಾಣುತ್ತದೆ. ಹೊಸಬರು ಈ ಓರೆಗೆರೆ ಎಲ್ಲಿಂದ ಬಂತೆಂದು ತಲೆ ಕೆರೆದುಕೊಳ್ಳುತ್ತಾರೆ. ಇದಕ್ಕಿಂತ ಕಸಿವಿಸಿಯ ಸಂಗತಿ ಬೇರೆ ಇದೆ. ಆ ವಸ್ತುವನ್ನು ನಡುವೆ ಯಾರಾದರೂ ‘ನಿನ್ನ ಹೆಸರೇನು’ ಎಂದು ಕೇಳಿದರೆ ಅದು ಹೆಸರಿಗೂ ಸಂಖ್ಯೆಗೂ ನಂಟು ಹಾಕುವ ಡಿಎನ್‌ಎಸ್‌ನಲ್ಲಿ ಹುಡುಕಿ ಹೆಸರನ್ನು ನೆನಪಿಟ್ಟುಕೊಳ್ಳುತ್ತದೆ, ಅಂದಿನಿಂದ ಅದರ ಬರಹವೇ ಬದಲಾಗುತ್ತದೆ. ವಿಳಾಸ ಬದಲಾಗಿಲ್ಲ, ಬರಹ ಬದಲಾಗಿದೆ. ಲಾಗ್‌ನಲ್ಲಿ ಮೊದಲ ಸಾಲೂ ಹತ್ತನೆಯ ಸಾಲೂ ಬೇರೆಯಾಗಲು ಇಷ್ಟು ಸಾಕು. 2020ರ ಜಾವಾ 14ರಲ್ಲಿ ಈ ಬರಹಕ್ಕೆ ಚೌಕಕಂಸ ಸೇರಿತು, ಇನ್ನೂ ಸಂಖ್ಯೆ ಸಿಗದ ಹೆಸರಿಗೆ ಪ್ರತ್ಯೇಕ ಗುರುತೂ ಬಂತು. ಓರೆಗೆರೆ ಉಳಿಯಿತು.

ಡಾಟ್‌ನೆಟ್ ಇನ್ನೊಂದು ದಾರಿ ಹಿಡಿಯಿತು. ಅದರ ಎಂಡ್‌ಪಾಯಿಂಟ್ ಕ್ಲಾಸ್ 2002ರಿಂದಲೂ ಅಚ್ಚುಕಟ್ಟಾದ ಬರಹ ಕೊಡುತ್ತಿತ್ತು, ಆದರೆ ಆ ಬರಹವನ್ನು ಮತ್ತೆ ಓದುವ ಮೆಥಡ್ ಬಂದದ್ದು 2019ರ ಡಾಟ್‌ನೆಟ್ ಕೋರ್ 3.0ರಲ್ಲಿ. ಬರೆಯಲು ಬಂದು ಓದಲು ಬಾರದ ಆ ನಡುಗಾಲದಲ್ಲಿ ಒಬ್ಬೊಬ್ಬರೂ ತಮ್ಮದೇ ಓದುಗವನ್ನು ಬರೆದುಕೊಳ್ಳಬೇಕಿತ್ತು. ರಸ್ಟ್ ಭಾಷೆ ಈ ಜಗಳವನ್ನು ಮೊದಲೇ ಪಾಲು ಮಾಡಿಟ್ಟಿದೆ: ಪ್ರದರ್ಶನಕ್ಕೊಂದು ಬರಹ, ದೋಷಶೋಧಕ್ಕೊಂದು ಬರಹ, ಓದಲು ಮೂರನೆಯದೊಂದು ಕರಾರು. ಪೈಥಾನ್‌ನಲ್ಲೂ ಎರಡು ಮೆಥಡ್‌ಗಳಿವೆ. ಒಂದೇ ಮೆಥಡಿಗೆ ಎರಡು ಯಜಮಾನರನ್ನು ಕೊಡದ ಈ ವಿನ್ಯಾಸವೇ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ.

ಹೆಸರು ಮೊದಲೋ, ಸಂಖ್ಯೆ ಮೊದಲೋ

ಹೆಸರೂ ಒಂದು ವಿಳಾಸವೇ ಎಂದರೆ ಸಮಾನತೆ ಎಡವುತ್ತದೆ. ಜಾವಾದ ಯುಆರ್‌ಎಲ್ ಕ್ಲಾಸ್ ಇದಕ್ಕೆ ಕುಖ್ಯಾತ ಉದಾಹರಣೆ: ಎರಡು ಯುಆರ್‌ಎಲ್ ಒಂದೇ ಹೌದೋ ಎಂದು ಕೇಳಿದರೆ ಅದು ಎರಡರ ಹೆಸರನ್ನೂ ಡಿಎನ್‌ಎಸ್‌ನಲ್ಲಿ ಹುಡುಕಿ ಸಂಖ್ಯೆ ಹೋಲಿಸುತ್ತದೆ. ಜಾಲ ನಿಧಾನವಾದರೆ ಹೋಲಿಕೆಯೂ ನಿಂತು ಕಾಯುತ್ತದೆ. ಒಂದೇ ಸರ್ವರಿನಲ್ಲಿ ನೂರು ತಾಣಗಳಿರುವ ಈ ಕಾಲದಲ್ಲಿ ಸಂಬಂಧವೇ ಇಲ್ಲದ ಎರಡು ತಾಣಗಳು ಸಮಾನವೆನಿಸಿಕೊಳ್ಳಬಹುದು. ಪ್ರಾಕ್ಸಿಗಳ ಹಿಂದೆ ಕೆಲಸ ಮಾಡುವವರಿಗಂತೂ ಹೆಸರನ್ನು ಬಿಡಿಸದೆಯೇ ಮುಂದೆ ಕಳಿಸಬೇಕಾಗುತ್ತದೆ. ಜಾವಾ ಇದಕ್ಕಾಗಿ ಬಿಡಿಸದ ವಿಳಾಸ ಕಟ್ಟುವ ಮೆಥಡ್ ಕೊಟ್ಟಿತು, ಡಾಟ್‌ನೆಟ್ ಹೆಸರಿನ ಎಂಡ್‌ಪಾಯಿಂಟಿಗೆ ಬೇರೆ ಕ್ಲಾಸನ್ನೇ ಮಾಡಿತು.

ಕನ್ನಡದ ಹೆಸರು ಬಂದಾಗ

ಇಲ್ಲಿಯವರೆಗಿನ ಜಗಳವೆಲ್ಲ ಅಂಕಿ ಮತ್ತು ರೋಮನ್ ಅಕ್ಷರಗಳ ನಡುವಿನದು. ಡಿಎನ್‌ಎಸ್‌ನ ಹೆಸರುಗಳು ರೂಢಿಯಲ್ಲಿ ರೋಮನ್ ಅಕ್ಷರ, ಅಂಕಿ, ಅಡ್ಡಗೆರೆಗಳಿಗೆ ಕಟ್ಟುಬಿದ್ದಿದ್ದವು. 2003ರಲ್ಲಿ ಬಂದ ಪ್ಯುನಿಕೋಡ್ ಎಂಬ ಸಂಕೇತವಿಧಾನ ಇತರ ಲಿಪಿಗಳ ಹೆಸರನ್ನು ಆ ಅಕ್ಷರಗಳಿಗೇ ಇಳಿಸುವ ಉಪಾಯ. ಹಾಗೆ ಇಳಿಸಿದ ಹೆಸರು ಎಕ್ಸ್, ಎನ್, ಎರಡು ಅಡ್ಡಗೆರೆಗಳಿಂದ ಶುರುವಾಗುತ್ತದೆ. ಭಾರತದ ಲಿಪಿಗಳಲ್ಲಿ ದೇಶದ ಹೆಸರಿನ ಡೊಮೈನ್‌ಗಳು ಬಂದಾಗ ತೆಲುಗಿನದು ಮೊದಲ ಕಂತಿನಲ್ಲೇ ಬಂತು, ಕನ್ನಡದ .ಭಾರತ ಆಮೇಲಿನ ಕಂತಿನಲ್ಲಿ. ಇವುಗಳ ನೋಂದಣಿಯ ಹೊಣೆ ನಿಕ್ಸಿ ಸಂಸ್ಥೆಯದು.

ಈಗ ಕನ್ನಡದ ಹೆಸರಿಗೆ ಎರಡು ಬರಹ: ಕಣ್ಣಿಗೆ ಕಾಣುವ ಕನ್ನಡದ್ದು, ತಂತಿಯಲ್ಲಿ ಹರಿಯುವ ರೋಮನ್ನಿನದು. ವಿಳಾಸದ ವಸ್ತುವನ್ನು ಹೋಸ್ಟ್ ಯಾವುದು ಎಂದು ಕೇಳಿದರೆ ಯಾವುದನ್ನು ಕೊಡಬೇಕು? ಬ್ರೌಸರಿನ ಜಾವಾಸ್ಕ್ರಿಪ್ಟ್ ರೋಮನ್ ರೂಪ ಕೊಡುತ್ತದೆ. ಡಾಟ್‌ನೆಟ್ ಎರಡಕ್ಕೂ ಬೇರೆಬೇರೆ ಗುಣಗಳನ್ನಿಟ್ಟಿದೆ. ಜಾವಾದ ಯುಆರ್‌ಐ ಕ್ಲಾಸಿಗೆ ನೇರವಾಗಿ ಕನ್ನಡದ ಹೆಸರು ಕೊಟ್ಟರೆ ತಪ್ಪೆಂದೂ ಹೇಳದೆ, ಹೋಸ್ಟ್ ಕೇಳಿದಾಗ ಏನೂ ಇಲ್ಲ ಎಂಬರ್ಥದ ನಲ್ ಅನ್ನು ಮರಳಿಸುತ್ತದೆ. ಮೂರರಲ್ಲಿ ಹೆಚ್ಚು ಕಾಡುವುದು ಈ ಮೌನವೇ.

ಇನ್ನು ಕೋಲಾರ ಎಂಬ ಮೂರಕ್ಷರವನ್ನೇ ನೋಡಿ. ಯುನಿಕೋಡ್‌ನಲ್ಲಿ ಅದು ಐದು ಸಂಕೇತಗಳು: ಕ, ಓಕಾರದ ಗುರುತು, ಲ, ಆಕಾರದ ಗುರುತು, ರ. ಆದರೆ ಓಕಾರವನ್ನು ಎತ್ವ, ಊಕಾರ, ದೀರ್ಘಚಿಹ್ನೆ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಆಗ ಏಳು ಸಂಕೇತಗಳು. ಯುಟಿಎಫ್-8ರಲ್ಲಿ ಮೊದಲನೆಯದು 15 ಬೈಟು, ಎರಡನೆಯದು 21. ಪರದೆಯ ಮೇಲೆ ಎರಡೂ ಒಂದೇ. ಜಾವಾದಲ್ಲಿ ಎರಡು ಸ್ಟ್ರಿಂಗನ್ನು ಹೋಲಿಸಿದರೆ ‘ಬೇರೆ’ ಎಂಬ ಉತ್ತರ. ಪ್ಯುನಿಕೋಡಿಗೆ ಇಳಿಸುವ ವಿಧಾನ ಮೊದಲು ಸಾಮಾನ್ಯೀಕರಣ, ಅಂದರೆ ಒಂದೇ ಅಕ್ಷರದ ಬೇರೆಬೇರೆ ಸಂಕೇತಸಾಲುಗಳನ್ನು ಒಂದೇ ರೂಪಕ್ಕೆ ತರುವ ಕೆಲಸ, ಮಾಡುವುದರಿಂದ ಅಲ್ಲಿ ಎರಡೂ ಒಂದಾಗುತ್ತವೆ. ಅಂದರೆ ಸ್ಟ್ರಿಂಗ್ ಪಂಥದವರ ಹೋಲಿಕೆ ಇಲ್ಲಿ ಸೋಲುತ್ತದೆ, ಮೌಲ್ಯ ಪಂಥದವರದು ಗೆಲ್ಲುತ್ತದೆ.

ಗೆಲುವು ಬಹಳ ದೂರ ಹೋಗುವುದಿಲ್ಲ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯನ್ನು ಕನ್ನಡದಲ್ಲಿ ಸರಿಯಾಗಿ ಬರೆಯಲು ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಸಂಕೇತ ಬೇಕು. ಅದಿಲ್ಲದಿದ್ದರೆ ರಾಬರ್ಟ್ಸನ್ಪೇಟೆ ಆಗುತ್ತದೆ. 2003ರ ನಿಯಮ ಈ ಸಂಕೇತವನ್ನು ಸದ್ದಿಲ್ಲದೆ ಅಳಿಸುತ್ತಿತ್ತು. 2010ರ ಪರಿಷ್ಕೃತ ನಿಯಮ ವಿರಾಮದ, ಅಂದರೆ ಹಲಂತದ, ನಂತರ ಅದನ್ನು ಉಳಿಸಿಕೊಳ್ಳಲು ಒಪ್ಪಿತು. ಜಾವಾದ ಪ್ರಮಾಣಿತ ಲೈಬ್ರರಿಯೂ ಪೈಥಾನ್‌ನ ಒಳಗಿನ ಸಂಕೇತಕವೂ ಹಳೆಯ ನಿಯಮದಲ್ಲೇ ನಿಂತಿವೆ. ಈಚಿನ ಬ್ರೌಸರ್‌ಗಳು ಹೊಸದರ ಕಡೆ ಬಂದಿವೆ. ಹಾಗಾಗಿ ಒಂದೇ ಬರಹ ಬ್ರೌಸರಿನಲ್ಲಿ ಒಂದು ಡೊಮೈನ್, ಜಾವಾ ಸರ್ವರಿನಲ್ಲಿ ಇನ್ನೊಂದು ಡೊಮೈನ್ ಆಗಬಲ್ಲದು. ಎರಡನ್ನೂ ಬೇರೆಬೇರೆಯವರು ಕೊಂಡರೆ ಏನಾದೀತು ಎಂಬುದನ್ನು ಊಹಿಸಲು ಕಷ್ಟವಿಲ್ಲ.

ಅಂಕಿಗಳ ಪಾಡೂ ಅಷ್ಟೇ. ಜಾವಾದ ಪೂರ್ಣಾಂಕ ಓದುವ ಮೆಥಡ್ ‘೧೨೭’ ಕೊಟ್ಟರೆ 127 ಎಂದು ಓದುತ್ತದೆ, ಪೈಥಾನ್ ಕೂಡ. ಅದೇ ಪೈಥಾನ್‌ನ ಐಪಿ ಮಾಡ್ಯೂಲ್ ಕನ್ನಡ ಅಂಕಿಯನ್ನು ಬೇಕೆಂದೇ ತಿರಸ್ಕರಿಸುತ್ತದೆ. ಬ್ರೌಸರ್‌ಗಳು ಪಾಲಿಸುವ ನಿಯಮದ ಪ್ರಕಾರ ೧೨೭.೦.೦.೧ ಐಪಿ ವಿಳಾಸವೇ ಅಲ್ಲ. ಅದೊಂದು ಕನ್ನಡ ಡೊಮೈನ್ ಹೆಸರು. ಡಾಟ್‌ನೆಟ್‌ನ ರೆಗ್ಯುಲರ್ ಎಕ್ಸ್‌ಪ್ರೆಷನ್‌ನಲ್ಲಿ ‘ಅಂಕಿ’ ಎಂಬ ಗುರುತು ಕನ್ನಡ ಅಂಕಿಗೂ ಹೊಂದುತ್ತದೆ, ಸಂಖ್ಯೆ ಓದುವ ಮೆಥಡ್ ಮಾತ್ರ ಒಪ್ಪುವುದಿಲ್ಲ. ಕನ್ನಡದ ಸೊನ್ನೆಯೂ ಅನುಸ್ವಾರವೂ ನೋಟಕ್ಕೆ ಒಂದೇ ಆದದ್ದರಿಂದ ಅನುಸ್ವಾರದ ಬದಲು ಸೊನ್ನೆ ಒತ್ತಿದ ಬರಹಗಳು ನಮ್ಮಲ್ಲಿ ಹೇರಳ. ಪತ್ರದಲ್ಲಿ ಅದು ಯಾರಿಗೂ ತೊಂದರೆ ಕೊಡದು. ವಿಳಾಸದಲ್ಲಿ ಅದು ಬೇರೆ ಮನೆ.

ಗಡಿಯ ಎರಡು ಲಿಪಿ

ಮುಳಬಾಗಿಲಿನಿಂದ ನಂಗಲಿ ದಾಟಿದರೆ ಆಂಧ್ರ; ಶ್ರೀನಿವಾಸಪುರದ ಆಚೆಗೂ ಆಂಧ್ರವೇ. ಈ ಸೀಮೆಯಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬುದು ಹೊಸದಲ್ಲ. ಎರಡೂ ಲಿಪಿಗಳು ಒಂದೇ ತಾಯಿಯ ಮಕ್ಕಳು. ಜ, ಲ, ಬ, ಣ, ದ ಮುಂತಾದ ಅಕ್ಷರಗಳು ಸಣ್ಣ ಪರದೆಯಲ್ಲಿ ಬಹುತೇಕ ಒಂದೇ ತೆರ. ಜಲ ಎಂಬ ಪದವನ್ನು ಕನ್ನಡದಲ್ಲಿ ಬರೆದರೂ ತೆಲುಗಿನಲ್ಲಿ ಬರೆದರೂ ಓದುವವರಿಗೆ ಭೇದ ಕಾಣುವುದು ಕಷ್ಟ, ಅರ್ಥವೂ ಒಂದೇ. ಯುನಿಕೋಡ್‌ನಲ್ಲಿ ಮಾತ್ರ ಕನ್ನಡದ ಜ ಮತ್ತು ಲ ತೆಲುಗಿನವುಗಳಿಗಿಂತ ಸರಿಯಾಗಿ 128 ಸ್ಥಾನ ಮುಂದಿವೆ. ಎರಡೂ ಲಿಪಿಗಳ ಕೋಷ್ಟಕಗಳನ್ನು ಭಾರತೀಯ ಲಿಪಿಗಳ ಹಳೆಯ ಸಂಕೇತವಿಧಾನವಾದ ಇಸ್ಕಿ ಮಾದರಿಯಲ್ಲಿ ಒಂದರ ಪಕ್ಕ ಒಂದನ್ನು ಸಮನಾಗಿ ಜೋಡಿಸಿರುವುದು ಇದಕ್ಕೆ ಕಾರಣ. ಸಾಮಾನ್ಯೀಕರಣ ಇವನ್ನು ಒಂದು ಮಾಡುವುದಿಲ್ಲ, ಮಾಡಲೂ ಬಾರದು. ಪ್ಯುನಿಕೋಡಿಗೆ ಇಳಿಸಿದರೆ ಎರಡು ಬೇರೆಬೇರೆ ಹೆಸರುಗಳೇ ಸಿಗುತ್ತವೆ.

ಶ್ರೀನಿವಾಸಪುರದ ಮಾವಿನ ಮಂಡಿಯೊಂದು ಇಂಥ ಅಕ್ಷರಗಳದ್ದೇ ಹೆಸರಿನಲ್ಲಿ ತಾಣ ತೆರೆಯಿತೆನ್ನಿ. ಬೇರೊಬ್ಬರು ಅದೇ ನೋಟದ ತೆಲುಗು ಹೆಸರನ್ನು ಹಿಡಿದರೆ ಹಣ ಕಟ್ಟುವವರಿಗೆ ಗೊತ್ತಾಗುವ ಬಗೆಯೇನು? ಜಾಗತಿಕ ಮಟ್ಟದಲ್ಲಿ ಇದನ್ನು ಯೋಚಿಸಿದವರಿದ್ದಾರೆ. ಡೊಮೈನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಅಡಿಯಲ್ಲಿ ನಿಯೋ-ಬ್ರಾಹ್ಮಿ ಎಂಬ ತಜ್ಞರ ತಂಡ ಒಂಬತ್ತು ಲಿಪಿಗಳಿಗೆ ನಿಯಮ ರಚಿಸಿತು. ಕನ್ನಡದ ಪ್ರಸ್ತಾವ 2019ರಲ್ಲಿ ಹೊರಬಂತು. ಕನ್ನಡ-ತೆಲುಗಿನ ಹೋಲುವ ಅಕ್ಷರಗಳನ್ನು ಪರಸ್ಪರ ರೂಪಾಂತರಗಳೆಂದು ಗುರುತಿಸಿ, ಒಂದು ಹೆಸರನ್ನು ಕೊಟ್ಟರೆ ಅದರ ಜೋಡಿಯನ್ನು ಬೇರೆಯವರಿಗೆ ಕೊಡದಂತೆ ತಡೆಯುವುದು ಅದರ ಒಂದು ಭಾಗ. ಆದರೆ ಈ ನಿಯಮ ಅನ್ವಯಿಸುವುದು ಡೊಮೈನಿನ ತುತ್ತತುದಿಯ ಹೆಸರಿಗೆ. ಕೆಳಗಿನ ಹಂತದಲ್ಲಿ ಒಂದೊಂದು ನೋಂದಣಿ ಸಂಸ್ಥೆಗೂ ತನ್ನದೇ ನೀತಿ.

ಪ್ರೋಗ್ರಾಮರಿನ ಕೈಯಲ್ಲಿ ಇರುವುದು ಯುನಿಕೋಡ್‌ನ ಹೋಲಿಕೆಯ ಕೋಷ್ಟಕ ಮತ್ತು ಐಸಿಯು ಲೈಬ್ರರಿಯ ವಂಚನೆ ಪತ್ತೆಯ ಕ್ಲಾಸ್. ಅದು ಪ್ರತಿ ಹೆಸರಿನಿಂದ ಒಂದು ಅಸ್ಥಿಪಂಜರ ತೆಗೆದು ಅವು ಒಂದೇ ಹೌದೋ ಎಂದು ನೋಡುತ್ತದೆ. ಹೀಗೆ ಮೂರು ಬಗೆಯ ಸಮಾನತೆಗಳು ನಮ್ಮ ಮುಂದಿವೆ: ಬೈಟು ಒಂದೇ, ಒಪ್ಪಿತ ರೂಪ ಒಂದೇ, ನೋಟ ಒಂದೇ. ಕ್ಲಾಸಿಗೆ ಇರುವುದು ಒಂದೇ ಸಮಾನತೆಯ ಮೆಥಡ್, ಒಂದೇ ಟುಸ್ಟ್ರಿಂಗ್. ಮೊದಲ ಮೂರು ಪಂಥಗಳೂ ಈ ಮೂರರಲ್ಲಿ ಒಂದನ್ನು ಗುಟ್ಟಾಗಿ ಆರಿಸಿಕೊಂಡು ಅದೇ ಸಹಜ ಎಂದು ವಾದಿಸುತ್ತವೆ.

ಇನ್ನೂ ಇತ್ಯರ್ಥವಾಗದ್ದು

ಕಣ್ಣಿಗೊಂದು, ಯಂತ್ರಕ್ಕೊಂದು ಎಂದು ಎರಡು ಮೆಥಡ್ ಇರಲಿ ಎಂಬುದಕ್ಕೆ ಈಗ ಹೆಚ್ಚಿನ ವಿರೋಧವಿಲ್ಲ. ಲಾಗ್ ಕಡತ ಎರಡರಲ್ಲಿ ಯಾವ ಕಡೆಯದು ಎಂಬುದು ಮಾತ್ರ ತೀರ್ಮಾನವಾಗಿಲ್ಲ. ರೋಮನ್ ರೂಪ ಬರೆದರೆ ಕನ್ನಡ ಬಲ್ಲ ನಿರ್ವಾಹಕರಿಗೆ ಅರ್ಥವಾಗದು. ಕನ್ನಡ ರೂಪ ಬರೆದರೆ ತೆಲುಗಿನ ಜೋಡಿಯಿಂದ ಅದನ್ನು ಬೇರ್ಪಡಿಸಲಾಗದು. ಎರಡನ್ನೂ ಬರೆಯಿರಿ ಎನ್ನುವವರು ಕಡತದ ಗಾತ್ರದ ಬಗ್ಗೆ ಮಾತಾಡುವುದಿಲ್ಲ.

ಆರನೆಯ ಆವೃತ್ತಿಯ ಸ್ಥಳೀಯ ವಿಳಾಸಗಳಿಗೆ ಯಾವ ಜಾಲಕಾರ್ಡಿನ ಮೂಲಕ ಹೋಗಬೇಕೆಂಬ ವಲಯದ ಗುರುತೂ ಬೇಕು. ಅದು ಆ ಯಂತ್ರದಲ್ಲಿ ಮಾತ್ರ ಅರ್ಥವಿರುವ ಮಾತು. ಬರಹದಲ್ಲಿ ಸೇರಿಸಿದರೆ ಪಕ್ಕದ ಯಂತ್ರಕ್ಕೆ ತಪ್ಪು ದಾರಿ, ಬಿಟ್ಟರೆ ಇದೇ ಯಂತ್ರಕ್ಕೆ ದಾರಿಯೇ ಇಲ್ಲ. 2013ರ ಆರ್‌ಎಫ್‌ಸಿ 6874 ಇದನ್ನು ಯುಆರ್‌ಐ ಒಳಗೆ ಬರೆಯುವ ರೀತಿ ಸೂಚಿಸಿದರೂ ಬ್ರೌಸರ್‌ಗಳು ಕೈಗೆತ್ತಿಕೊಳ್ಳಲಿಲ್ಲ.

ನೋಟದ ಸಮಾನತೆಯನ್ನು ಭಾಷೆಯ ಪ್ರಮಾಣಿತ ಲೈಬ್ರರಿಗೆ ಸೇರಿಸಬೇಕೋ, ನೋಂದಣಿ ಸಂಸ್ಥೆಗೆ ಬಿಡಬೇಕೋ ಎಂಬುದು ಇನ್ನೊಂದು. ಸೇರಿಸಿದರೆ ಯುನಿಕೋಡ್ ಕೋಷ್ಟಕ ಬದಲಾದಾಗಲೆಲ್ಲ ನಿನ್ನೆ ಬೇರೆಯಾಗಿದ್ದ ಎರಡು ವಿಳಾಸಗಳು ಇಂದು ಒಂದಾಗಬಹುದು. ಬಿಟ್ಟರೆ, ನೋಂದಣಿ ಸಂಸ್ಥೆಯ ಕೈಗೆ ಸಿಗದ ಒಳಹೆಸರುಗಳನ್ನು, ಅಂದರೆ ಡೊಮೈನಿನ ಮಾಲೀಕರು ತಾವೇ ಕಟ್ಟಿಕೊಳ್ಳುವ ಉಪಡೊಮೈನ್‌ಗಳನ್ನು, ಯಾರು ಕಾಯುತ್ತಾರೆ? ಕಾಣದ ಸಂಕೇತದ ವಿಷಯದಲ್ಲಿ ಜಾವಾ ಮತ್ತು ಪೈಥಾನ್ ಹಳೆಯ ನಿಯಮ ಬಿಟ್ಟುಬಂದರೆ, ಈಗಾಗಲೇ ದತ್ತಸಂಚಯಗಳಲ್ಲಿ ಕೂತಿರುವ ಹೆಸರುಗಳನ್ನು ಯಾವ ನಿಯಮದಲ್ಲಿ ಓದಬೇಕು ಎಂಬುದಕ್ಕೆ ಎರಡೂ ಕಡೆಯಲ್ಲಿ ಒಪ್ಪಿದ ಉತ್ತರವಿಲ್ಲ.